ನೆನೆಹಾಕಿದ ಬೆನ್ನು

ಬೆಂಗಳೂರಿನ ಆ ಡಾಕ್ಟರು ನಮಗೆ ಕೊಟ್ಟದ್ದು ನಾಲ್ಕು ನಿಮಿಷ. ಒಂದು ನಿಮಿಷವನ್ನು ಫೋನು ನುಂಗಿತು, ಇನ್ನೊಂದರಲ್ಲಿ ಅವರು ಕನ್ನಡಕ ಒರೆಸಿಕೊಂಡರು. ಉಳಿದ ಎರಡರಲ್ಲಿ ಬೈರಯ್ಯನ ಬೆನ್ನುಹುರಿಯ ಚಿತ್ರವನ್ನು ದೀಪದ ಪೆಟ್ಟಿಗೆಗೆ ಸಿಕ್ಕಿಸಿ, ಪೆನ್ನಿನ ತುದಿಯಿಂದ ಒಂದು ಕಡೆ ಕುಟ್ಟಿ, ಇಂಗ್ಲಿಷಿನಲ್ಲಿ ಹೇಳಿ ಮುಗಿಸಿದರು. ಒಳಗಿನ ಗಾಯ ಮಾಗಿದೆ. ಮಾಗಿದ ಕಡೆ ಕಲೆ ಕಟ್ಟಿದೆ. ಆ ಕಲೆಯನ್ನು ದಾಟಿ ನರ ಬೆಳೆಯುವುದಿಲ್ಲ, ಕಾಲು ಬರುವುದಿಲ್ಲ. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿ, ಚರ್ಮ ಒಡೆಯದಂತೆ ನೋಡಿಕೊಳ್ಳಿ, ಗಾಲಿಕುರ್ಚಿ ಕೊಡಿಸಿ. ಮತ್ತೆ ಇಷ್ಟು ದೂರ ಕರೆತರಬೇಡಿ.

ಸ್ಟ್ರೆಚರಿನ ಮೇಲಿಂದ ಬೈರಯ್ಯ ನನ್ನ ಮುಖ ನೋಡಿದ.

“ಏನಂದ್ರು ಸಾ?”

ನಾನು ಹೋಗಿದ್ದೇ ಅದನ್ನು ಹೇಳುವುದಕ್ಕೆ. ಚನ್ನರಾಯಪಟ್ಟಣದ ಕಾಲೇಜಿನಲ್ಲಿ ನಾನು ಪ್ರಾಣಿಶಾಸ್ತ್ರದ ಮೇಷ್ಟ್ರು. ಬೈರಯ್ಯನ ಮಗಳು ಯಶೋಧರಾ ನನ್ನ ಎರಡನೇ ಬಿ.ಎಸ್ಸಿ. ತರಗತಿಯವಳು. ಅವಳ ಅಪ್ಪ ಶಾಂತಿಗ್ರಾಮದ ಸುತ್ತಮುತ್ತ ತೆಂಗಿನಮರ ಹತ್ತಿ ಕಾಯಿ ಕೀಳುತ್ತಿದ್ದವನು. ಎರಡು ಸಾವಿರದ ಒಂದರ ದೀಪಾವಳಿ ಕಳೆದ ಮೇಲೆ ಒಣಗಿದ ಗರಿಯೊಂದನ್ನು ನಂಬಿ ಕೈಹಾಕಿ ಬಿದ್ದಿದ್ದ. ಸೊಂಟದ ಕೆಳಗೆ ಏನೂ ಇಲ್ಲದಾಗಿ ಹನ್ನೊಂದು ತಿಂಗಳಾಗಿತ್ತು. “ಡಾಕ್ಟ್ರು ಬರೀ ಇಂಗ್ಲಿಷಲ್ಲೇ ಮಾತಾಡ್ತಾರೆ ಸಾರ್, ನೀವು ಜೊತೇಲಿದ್ರೆ ಧೈರ್ಯ” ಎಂದು ಅವಳು ಕೇಳಿದ್ದಕ್ಕೆ ಬಂದಿದ್ದೆ. ಈಗ ಅವಳು ಫೈಲು ತರಲು ಕೆಳಗಿನ ಸಾಲಿನಲ್ಲಿ ನಿಂತಿದ್ದಳು. ಅವಳ ತಾಯಿ ಹೊರಗಿನ ಬೆಂಚಿನಲ್ಲಿದ್ದಳು. ಡಾಕ್ಟರನ್ನು ಬಿಟ್ಟರೆ ಒಳಗೆ ಇದ್ದವರು ನಾವಿಬ್ಬರೇ.

“ಗಾಯ ಮಾಗಿದೆಯಂತೆ” ಅಂದೆ. ಅದು ಸುಳ್ಳಲ್ಲ.

“ಆಮ್ಯಾಕೆ?”

“ಒಂದು ಕಲೆ ಉಳಿದಿದೆಯಂತೆ.”

“ಅದು ಓದ್ರೆ ಕಾಲು ಬತ್ತದಾ?”

“ನೋಡೋಣ ಅಂದರು.”

‘ನೋಡೋಣ’ ಎಂದು ಡಾಕ್ಟರು ಅಂದಿರಲಿಲ್ಲ. ಆಗಲೇ ಅವರು ಮುಂದಿನ ರೋಗಿಯ ಚಿತ್ರವನ್ನು ದೀಪಕ್ಕೆ ಹಿಡಿದಿದ್ದರು.

ಬಾಡಿಗೆ ವ್ಯಾನಿನಲ್ಲಿ ಕುಣಿಗಲ್ ದಾಟುವವರೆಗೂ ಯಾರೂ ಮಾತಾಡಲಿಲ್ಲ. ಬೈರಯ್ಯನ ತಲೆ ಹೆಂಡತಿ ಮಾದಮ್ಮನ ತೊಡೆಯ ಮೇಲಿತ್ತು. ಮೌನ ನನಗೆ ಮೈಮೇಲೆ ಇರುವೆ ಬಿಟ್ಟಂತೆ. ಇದ್ದಕ್ಕಿದ್ದಂತೆ ಗಂಟಲು ಕೆರೆದು, ಇಲ್ಲದ ಕನ್ನಡಕ ಒರೆಸಿ, ಡಾಕ್ಟರ ದನಿ ತೆಗೆದೆ: “ಆ್ಞ... ನೋಡೀ ಇವರೇ. ನಿಮ್ಮ ಕಲೆಗೆ ಇಂಗ್ಲಿಷಿನಲ್ಲಿ ಸ್ಕಾರ್ ಅಂತಾರೆ. ನಮಸ್ಕಾರದಲ್ಲೂ ಇರುತ್ತೆ, ತಿರಸ್ಕಾರದಲ್ಲೂ ಇರುತ್ತೆ. ನಾನು ಕೊಟ್ಟಿದ್ದು ಯಾವುದು ಅಂತ ನಿಮ್ಮ ಮೇಷ್ಟ್ರನ್ನ ಕೇಳಿ.”

ಶ್ಲೇಷೆ ಬೈರಯ್ಯನಿಗೆ ತಲುಪಿತೋ ಇಲ್ಲವೋ, ದನಿ ತಲುಪಿತು. ಅವನು ನಕ್ಕ. ಮೊದಲು ಮೂಗಿನಲ್ಲಿ, ಆಮೇಲೆ ಎದೆ ಕುಲುಕುವ ಹಾಗೆ. “ಅಯ್ಯೋ, ಅದೇಯ! ಅದೇ ಡಾಕ್ಟ್ರು ಕಣಮ್ಮೀ! ಕಣ್ಮುಚ್ಕಂಡ್ರೆ ಇಲ್ಲೇ ಕೂತವ್ರೆ!”

ಯಶೋಧರಾ ನನ್ನ ಕಡೆ ಬಗ್ಗಿ ಮೆಲ್ಲಗೆ ಅಂದಳು: “ಅಪ್ಪ ಬಿದ್ಮೇಲೆ ನಕ್ಕಿದ್ದು ಇದೇ ಮೊದಲು ಸಾರ್.”

ಆ ಒಂದು ಮಾತೇ ನನ್ನನ್ನು ಕೆಡಿಸಿತು.

ನನ್ನ ಊರು ಹೊಳೆನರಸೀಪುರ. ಊರ ದೇವರ ಹೆಸರೇ ನನಗೂ ಇಟ್ಟಿದ್ದಾರೆ, ಲಕ್ಷ್ಮೀನರಸಿಂಹ. ದೇವರಿಗಾದರೆ ತೊಡೆಯ ಮೇಲೆ ಲಕ್ಷ್ಮಿ ಇದ್ದಾಳೆ. ನನಗೆ ಇರುವುದು ಪ್ರಾಕ್ಟಿಕಲ್ ರೆಕಾರ್ಡುಗಳು. ಅರಕಲಗೂಡಿನಲ್ಲಿ ಒಮ್ಮೆ ಹೆಣ್ಣು ನೋಡಲು ಹೋಗಿದ್ದೆ. ಹುಡುಗಿಯ ಸೋದರಮಾವ ಮೂಗಿನಲ್ಲಿ ಮಾತಾಡುತ್ತಿದ್ದರು. ಅವರು ಕೈ ತೊಳೆಯಲು ಎದ್ದು ಹೋದಾಗ ಅವರದೇ ದನಿಯಲ್ಲಿ “ಇನ್ನೊಂಚೂರು ಉಪ್ಪಿಟ್ಟು ಹಾಕಿಸ್ಕೊಳಿ” ಅಂದೆ. ಹುಡುಗಿ ಕಿಸಕ್ಕನೆ ನಕ್ಕಳು. ಮಾವ ಬಾಗಿಲಲ್ಲೇ ನಿಂತಿದ್ದರು. ಅಲ್ಲಿಗೆ ಆ ಸಂಬಂಧ ಮುಗಿಯಿತು. ಆಮೇಲೆ ಅಪ್ಪ ಅಮ್ಮ ಒಬ್ಬರ ಹಿಂದೊಬ್ಬರು ಹೋದರು, ಹೆಣ್ಣು ನೋಡುವವರೂ ಉಳಿಯಲಿಲ್ಲ.

ಚನ್ನರಾಯಪಟ್ಟಣದಲ್ಲಿ ಕಾವೇರಮ್ಮನವರ ಮನೆಯ ಹಿಂದಿನ ಒಂದು ಕೋಣೆಯಲ್ಲಿದ್ದೆ. ಸ್ಟಾಫ್ ರೂಮಿನಲ್ಲಿ ಪ್ರಿನ್ಸಿಪಾಲರ ದನಿ ತೆಗೆದರೆ ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು, ನಾಲ್ಕೂವರೆಗೆ ಟಿಫಿನ್ ಡಬ್ಬಿ ಎತ್ತಿಕೊಂಡು ಅವರವರ ಮನೆಗೆ ಹೋಗುತ್ತಿದ್ದರು. ನಾನು ಕೋಣೆಗೆ ಬಂದು ಅನ್ನಕ್ಕಿಟ್ಟು, ಅಟೆಂಡರ್ ಗುಂಡಯ್ಯನ ದನಿಯಲ್ಲಿ “ಸಾರ್, ಉಪ್ಪು ಹಾಕಿದ್ರಾ?” ಎಂದು ಕೇಳಿ, ಪ್ರಿನ್ಸಿಪಾಲರ ದನಿಯಲ್ಲಿ “ಅದನ್ನು ಮೀಟಿಂಗಿನಲ್ಲಿ ಇಡಿ” ಎಂದು ಉತ್ತರ ಕೊಡುತ್ತಿದ್ದೆ. ಒಮ್ಮೆ ಕಾವೇರಮ್ಮನವರು ಕಿಟಕಿಯಿಂದ, “ಏನಪ್ಪಾ, ನೆಂಟರು ಬಂದಿದ್ದಾರಾ? ಕಾಫಿ ಕಳಿಸ್ಲಾ?” ಎಂದು ಕೇಳಿದರು. ಇಲ್ಲ ಎನ್ನಲು ನಾಚಿಕೆಯಾಗಿ, ಈಗತಾನೆ ಹೊರಟರು ಅಂದೆ.

ಅಂಥವನಿಗೆ ಭಾನುವಾರಕ್ಕೊಂದು ಮನೆ ಸಿಕ್ಕಿತು.

ಬೆಳಿಗ್ಗೆ ಹಾಸನದ ಬಸ್ಸು ಹತ್ತಿ ಶಾಂತಿಗ್ರಾಮದಲ್ಲಿ ಇಳಿದು ಒಂದು ಮೈಲಿ ನಡೆಯುತ್ತಿದ್ದೆ. ಜಗಲಿಯ ಮೇಲೆ ಹಗ್ಗದ ಮಂಚ, ಗೋಡೆಗೆ ಕ್ಯಾಲೆಂಡರಿನಿಂದ ಕತ್ತರಿಸಿ ಕಟ್ಟು ಹಾಕಿಸಿದ ಬುದ್ಧ, ಕೆಳಗೆ ಮೊಣಕೈ ಊರಿಕೊಂಡ ಬೈರಯ್ಯ. ನಾನು ಬೇಲಿ ದಾಟುವಾಗಲೇ ಕೂಗುತ್ತಿದ್ದ: “ಡಾಕ್ಟ್ರು ಬಂದ್ರಾ ಸಾ?”

“ಆ್ಞ... ಬಂದೆ ಇವರೇ.”

“ಮಾದೀ, ಡಾಕ್ಟ್ರಿಗೆ ಕಾಫಿ ಕಾಸು. ಮೇಷ್ಟ್ರಿಗೂ ಒಂದ್ಲೋಟ ಮಡಗು.”

ನನಗೆ ಎರಡು ಲೋಟ ಕಾಫಿ. ಎರಡನ್ನೂ ನಾನೇ ಕುಡಿಯಬೇಕು, ಡಾಕ್ಟರದ್ದನ್ನು ಊದಿ ಊದಿ, ನನ್ನದನ್ನು ಸೊರಸೊರ. ಮಾದಮ್ಮ ಸೆರಗು ಬಾಯಿಗೆ ಹಿಡಿದು ಒಳಗೆ ಓಡುತ್ತಿದ್ದಳು. ಅಕ್ಕಪಕ್ಕದವರು ಬಂದು ಕೂರುತ್ತಿದ್ದರು. ನಂಜಯ್ಯನೆಂಬ ನೆರೆಯವನು ತನ್ನ ಮಂಡಿನೋವಿಗೂ ಡಾಕ್ಟರನ್ನು ಕೇಳಿದ್ದ.

ಆದರೆ ಬೈರಯ್ಯ ಕೇಳುತ್ತಿದ್ದುದು ಆಟಕ್ಕಲ್ಲ. ಒಂದು ದಿನ ಅಂಗಿ ಬಿಚ್ಚಿ ಎದೆ ತೋರಿಸಿದ. ಮೂವತ್ತು ವರ್ಷ ಮರ ತಬ್ಬಿದ ಎದೆ. ನಡುವೆ ಎರಡಂಗುಲ ಅಗಲಕ್ಕೆ ಜಡ್ಡುಗಟ್ಟಿ ಎಮ್ಮೆಯ ತೊಗಲಿನಂತಾಗಿತ್ತು.

“ಸುರೂನಾಗೆ ಇದು ಕಿತ್ಕಂಡ್ ಕಿತ್ಕಂಡ್ ರಕ್ತ ಬರಾದು. ಮಾಗಿ ಕಲೆ ಕಟ್ಟಿದ್ ಮ್ಯಾಲೇ ನಾನು ಮರ ಅತ್ತೋನಾಗಿದ್ದು. ಮಾಗೋದು ಒಳ್ಳೇದಲ್ವಾ ಡಾಕ್ಟ್ರೇ? ಬೆನ್ನಾಗೂ ಮಾಗೈತೆ ಅಂತೀರಿ. ಮತ್ಯಾಕೆ ಕಾಲು ಬರಾಕಿಲ್ಲ?”

ಡಾಕ್ಟರು ಬರುವ ಭಾನುವಾರಕ್ಕೆ ವಾಯಿದೆ ಕೇಳಿದರು. ಮುಂದಿನ ಶನಿವಾರ ಮೈಸೂರಿಗೆ ಹೋಗಿ ವಿಶ್ವವಿದ್ಯಾನಿಲಯದ ಲೈಬ್ರರಿಯಲ್ಲಿ ಪತ್ರಿಕೆಗಳನ್ನು ತಿರುವಿದೆ. ಪಾಠಕ್ಕಾಗಿ ಓದುವುದನ್ನು ಬಿಟ್ಟು ಹತ್ತು ವರ್ಷವಾಗಿತ್ತು, ಅಂದು ಬಾಗಿಲು ಹಾಕುವವರೆಗೂ ಓದಿದೆ.

ಭಾನುವಾರ ಡಾಕ್ಟರು ಜಗಲಿಯಲ್ಲಿ ಕೂತು ವಿವರಿಸಿದರು.

“ನೋಡೀ ಇವರೇ, ಬೆನ್ನುಹುರಿಯಲ್ಲಿ ನರ ಒಂದೇ ಇರೋದಲ್ಲ. ನಕ್ಷತ್ರದ ಹಾಗೆ ಕೈಕಾಲು ಚಾಚಿಕೊಂಡಿರೋ ಕೋಶಗಳೂ ಇವೆ. ಆಸ್ಟ್ರೊಸೈಟು ಅಂತ. ನರಕ್ಕೆ ಊಟ ಕೊಡೋದು, ಕಸ ಗುಡಿಸೋದು ಅವುಗಳ ಕೆಲಸ. ನಿಮ್ಮ ಮಾದಮ್ಮನ ಥರ ಅಂದ್ಕೊಳ್ಳಿ. ಪೆಟ್ಟು ಬಿದ್ದ ತಕ್ಷಣ ಅವೆಲ್ಲ ಓಡಿ ಬಂದು ಗಾಯದ ಸುತ್ತ ಕೈಕೈ ಹಿಡಿದು ನಿಲ್ತವೆ. ಕೊಳೆ ಆಚೆ ಹರಡಬಾರದು ಅಂತ ಬೇಲಿ. ಆಮೇಲೆ ಒಂದು ಜಾಲ ಹೆಣೀತವೆ, ಪ್ರೋಟೀನಿನ ಎಳೆ, ಅದರ ಮೈತುಂಬ ಸಕ್ಕರೆಯ ಜುಂಗು. ಗಾಯ ಉಳೀತು. ಸರಿ. ಆದರೆ ನರ ತಿರುಗಿ ಚಿಗುರಿ ಬಂದಾಗ ಆ ಜಾಲಕ್ಕೆ ಮೂಗು ತಾಗಿ ನಿಂತುಬಿಡುತ್ತೆ.”

“ಬೇಲಿ ಕಿತ್ತಾಕಾಕಿಲ್ವಾ ಅವು? ಕೆಲ್ಸ ಆಯ್ತಲ್ಲ.”

“ಅದೇ ಇರೋದು ಇವರೇ. ಜಾಲ ಹೆಣೆಯೋದು ಕೋಶ. ಹೆಣೆದ ಮೇಲೆ ಜಾಲವೇ ಕೋಶಕ್ಕೆ ಹೇಳುತ್ತೆ, ಇಲ್ಲೇ ಇರು, ಇನ್ನೂ ಬಿಗಿಯಾಗಿ ಹಿಡಿ ಅಂತ. ಅದು ಮಾತು ಕೇಳ್ಕೊಂಡು ಅಲ್ಲೇ ಗಟ್ಟಿಯಾಗುತ್ತೆ.”

ಬೈರಯ್ಯ ಸೂರು ನೋಡಿಕೊಂಡೇ ಅಂದ: “ಕೆಟ್ಟವೇನಲ್ಲ ಬುಡಿ, ಪಾಪ. ಉಳಸಾಕ್ ಬಂದವು.” ಆಮೇಲೆ ಮೊಣಕೈ ಮೇಲೆ ಎದ್ದ. “ಕಾಯಿಮಟ್ಟೆ ಒಳ್ಗೆ ನಾರು ಕಚ್ಕಂಡಿರ್ತದಲ್ಲ, ಅಂಗಾ?”

ನನಗೆ ಖುಷಿಯಾಯಿತು. ತರಗತಿಯಲ್ಲಿ ಅರವತ್ತು ಜನಕ್ಕೆ ಹೊಳೆಯದ್ದು ಇವನಿಗೆ ಹೊಳೆದಿತ್ತು. ಆ ಖುಷಿಯಲ್ಲಿ ಡಾಕ್ಟರ ಬಾಯಿ ಸಡಿಲವಾಯಿತು.

“ಕರೆಕ್ಟ್ ಇವರೇ! ಮಟ್ಟೆ ನೆನೆಹಾಕಿದರೆ ನಾರು ಬಿಡೋದಿಲ್ವೆ? ಹಾಗೇ ಅದನ್ನೂ ನೆನೆಸಬಹುದು ಅಂತ ಈಗ ಕಂಡುಹಿಡಿದಿದ್ದಾರೆ, ಇಂಗ್ಲೆಂಡಿನಲ್ಲಿ. ಕಣ್ಣಿಗೆ ಕಾಣದ ಒಂದು ಹುಳ ಇದೆ, ಅದರ ರಸ ಬಿಟ್ಟರೆ ಆ ಸಕ್ಕರೆ ಜುಂಗೆಲ್ಲ ಕರಗಿ ಜಾಲ ಸಡಿಲ ಆಗುತ್ತೆ. ನರ ದಾಟುತ್ತೆ.”

“ಆ ಉಳ ಎಲ್ಲಿರ್ತದೆ?”

“ಕೊಳೆಯೋ ಕಡೆ ಎಲ್ಲಾ ಇರುತ್ತೆ ಇವರೇ.”

“ಎಷ್ಟ್ ದಿನ ಬೇಕು?”

“ಒಂದೆರಡು ವರ್ಷ.”

ಒಂದೆರಡು ವರ್ಷ ಎಂದು ಯಾವ ಪತ್ರಿಕೆಯೂ ಬರೆದಿರಲಿಲ್ಲ. ದಾಟಿದ್ದು ಇಲಿಯ ನರ ಎಂಬುದನ್ನು ನಾನು ಬಿಟ್ಟುಬಿಟ್ಟೆ. ಮರೆತು ಬಿಟ್ಟದ್ದಲ್ಲ. ಬೈರಯ್ಯನ ಮುಖದಲ್ಲಿ ಆಗ ಇದ್ದದ್ದನ್ನು ಇಲಿಗೆ ಕೊಡಲು ಮನಸ್ಸು ಬರಲಿಲ್ಲ. ಆ ತಿಂಗಳು ಯಶೋಧರಾ ಗಾಲಿಕುರ್ಚಿಗೆ ಅರ್ಜಿ ತಂದಾಗ ಅವನು ಹೆಬ್ಬೆಟ್ಟು ಒತ್ತಲಿಲ್ಲ. “ಎಲ್ಡು ವರ್ಸಕ್ಕೆ ಗಾಡಿ ಯಾಕ್ ಮಗಾ? ಇಲ್ಲದೋರಿಗೆ ಕೊಡ್ಲಿ” ಅಂದ. ನಾನು ಪಕ್ಕದಲ್ಲೇ ಕೂತು ಡಾಕ್ಟರ ಕಾಫಿ ಊದುತ್ತಿದ್ದೆ.

ಏಪ್ರಿಲ್‌ನಲ್ಲಿ ಯಶೋಧರಾ ಪರೀಕ್ಷೆಗೆಂದು ಹಾಸ್ಟೆಲಿನಲ್ಲೇ ಉಳಿದಳು. ಮೇ ತಿಂಗಳಲ್ಲಿ ನನ್ನನ್ನು ಉತ್ತರಪತ್ರಿಕೆ ತಿದ್ದಲು ಮೈಸೂರಿಗೆ ಹಾಕಿದರು. ಮೂರು ಭಾನುವಾರ ತಪ್ಪಿದವು. ನಾಲ್ಕನೆಯದಕ್ಕೆ ಹೋದಾಗ ಜಗಲಿಯ ಮೇಲೆ ಮಂಚ ಇರಲಿಲ್ಲ. ಬಾಗಿಲಿಗೆ ಬೀಗ. ನಂಜಯ್ಯ ತನ್ನ ಮನೆಯಿಂದ ಓಡಿ ಬಂದ.

“ಆಸನದ ದೊಡ್ಡಾಸ್ಪತ್ರೆಗೆ ಸೇರ್ಸವ್ರೆ ಸಾ. ಜ್ವರ ಬಂದ್ಬುಟ್ಟು ಮೈಮ್ಯಾಲೆ ಗ್ಯಾನಿರ್ನಿಲ್ಲ. ಆ ನೀರು ಮಾತ್ರ ಮೈಗೆ ಚೆನ್ನಾಗ್ ಒಗ್ಗಿತ್ತು.”

“ಯಾವ ನೀರು?”

“ಅದೇ ಸಾ, ಕೆರೆ ಮಗ್ಗುಲಾಗೆ ಮಟ್ಟೆ ನೆನೆಯಾಕೋ ಗುಂಡಿ ಐತಲ್ಲ. ದಿನಾ ಮಂಚ ವೊತ್ಕಂಡ್ ಓಗಿ, ಕಂಕುಳಿಗೆ ಅಗ್ಗ ಕಟ್ಟಿ ಇಳಿಸ್ತಿದ್ದೋ. ಎಲ್ಡು ತಾಸು ಬೆನ್ನು ನೆನೆಯಾಕೋದು. ನಾನು ಕೇಳ್ದೆ, ಲೇ ಬೈರ, ನಾತ ಒಡೀತದಲ್ಲ ಅಂತ. ನಾತ ಇರೋ ತಾವೇ ಕಣ್ಲಾ ಉಳ ಇರಾದು, ಡಾಕ್ಟ್ರು ಏಳವ್ರೆ ಅಂದ. ನೀವೂ ಇದ್ರಂತಲ್ಲ ಸಾ, ಡಾಕ್ಟ್ರು ಏಳುವಾಗ.”

ಅವನು ವ್ಯಂಗ್ಯ ಮಾಡುತ್ತಿರಲಿಲ್ಲ. ನನ್ನ ಮುಖ ನೋಡಿ, “ಒಂಬತ್ ದಿನ ಸಾ, ಒಂದಿನಾನೂ ತಪ್ಪಿಸ್ನಿಲ್ಲ” ಎಂದು ಸೇರಿಸಿದ.

ಆಸ್ಪತ್ರೆಯ ವಾರ್ಡಿನಲ್ಲಿ ಬೈರಯ್ಯ ಮಗ್ಗುಲಾಗಿ ಮಲಗಿದ್ದ, ನಿದ್ದೆಯಲ್ಲಿ. ನರ್ಸು ಸೊಂಟದ ಕೆಳಗಿನ ಬಟ್ಟೆ ಬದಲಿಸುತ್ತಿದ್ದಳು. ನೆನೆದು ನೆನೆದು ಮೆತ್ತಗಾದ ಚರ್ಮ ಹಗ್ಗ ಉಜ್ಜಿದ ಕಡೆ, ಕಲ್ಲು ಒತ್ತಿದ ಕಡೆ ಕಿತ್ತು ಬಂದಿತ್ತು. ಬೆನ್ನ ತಳದಲ್ಲಿ ನನ್ನ ಮುಷ್ಟಿ ಹಿಡಿಯುವಷ್ಟು ಹುಣ್ಣು. ಅವನಿಗೆ ಅದರ ನೋವು ಗೊತ್ತೇ ಆಗಿರಲಿಲ್ಲ.

ಯಶೋಧರಾ ನನ್ನನ್ನು ಮೆಟ್ಟಿಲ ಬಳಿ ಕರೆದುಕೊಂಡು ಹೋದಳು. ಅತ್ತು ಅತ್ತು ಮುಗಿದ ಮುಖ.

“ಸಾರ್, ಬೆಂಗಳೂರಲ್ಲಿ ಡಾಕ್ಟ್ರು ನಿಜವಾಗ್ಲೂ ಏನ್ ಹೇಳಿದ್ರು?”

ಹೇಳಿದೆ. ನಾಲ್ಕು ನಿಮಿಷದ್ದನ್ನು ಹೇಳಲು ಅರ್ಧ ನಿಮಿಷ ಸಾಕಾಯಿತು. ಅವಳು ಕೂಗಾಡುತ್ತಾಳೆ ಅಂದುಕೊಂಡಿದ್ದೆ.

“ಅಪ್ಪಂಗೆ ನೀವೇ ಹೇಳ್ಬೇಕು” ಅಂದಳು. “ನಾನ್ ಹೇಳಿದ್ರೆ ನಂಬಲ್ಲ. ಡಾಕ್ಟ್ರಿಗಿಂತ ನಿಂಗ್ ಗೊತ್ತಾ ಅಂತದೆ.”

“ಹೇಳ್ತೀನಮ್ಮ.”

“ನಕ್ಕೊಂಡ್ ಹೇಳ್ಬೇಡಿ.”

ಹೇಳುತ್ತೇನೆ ಎಂದು ಎರಡು ಸಲ ಆಸ್ಪತ್ರೆಗೆ ಹೋದೆ, ಎರಡು ಸಲವೂ ಹೇಳದೆ ಬಂದೆ. ಜ್ವರ ಇಳಿಯಲಿ ಅಂದುಕೊಂಡೆ, ಹುಣ್ಣು ಆರಲಿ ಅಂದುಕೊಂಡೆ. ನಿಜ ನನಗೆ ಗೊತ್ತಿತ್ತು. ಹೇಳಿದ ದಿನ ಭಾನುವಾರಗಳು ಮುಗಿಯುತ್ತವೆ. ಆಮೇಲೆ ಸೋಮವಾರದ ತನಕ ಗುಂಡಯ್ಯನೂ ಪ್ರಿನ್ಸಿಪಾಲರೂ ಅನ್ನದ ಉಪ್ಪಿನ ವಿಷಯ ಚರ್ಚಿಸಬೇಕು.

ಜೂನ್ ಕೊನೆಗೆ ಅವನನ್ನು ಮನೆಗೆ ಕಳಿಸಿದರು. ಹೋದೆ. ಜಗಲಿಯಲ್ಲಿ ಮಂಚ ವಾಪಸು ಬಂದಿತ್ತು. ಬೈರಯ್ಯ ಅರ್ಧಕ್ಕರ್ಧ ಇಳಿದುಹೋಗಿದ್ದ, ಆದರೂ ನನ್ನನ್ನು ಕಂಡು ಕೈ ಎತ್ತಿದ. ಮಾದಮ್ಮ ಒಳಗಿನಿಂದಲೇ ದೂರಿದಳು: “ನೀವಾರಾ ಬುದ್ಧಿ ಏಳಿ ಸಾ. ಹುಣ್ಣು ಮಾಗ್ಲಿ, ತಿರ್ಗ ಗುಂಡಿಗಿಳ್ಸು ಅಂತವ್ನೆ.”

“ಅವ್ಳಿಗೇನ್ ಗೊತ್ತು ಸಾ? ಒಂಬತ್ತೇ ದಿನ ಆಗಿದ್ದು. ಮಟ್ಟೆ ನೆನೆಯಾಕೇ ಆರ್ ತಿಂಗ್ಳು ಬೇಕು. ನನ್ನದು ಮೂಳೆ ಒಳ್ಗಿರೋ ನಾರು, ಅದು ಅಷ್ಟ್ ಬಿರ್ರನೆ ಬುಟ್ಟದಾ? ಏಳಿ ಡಾಕ್ಟ್ರೇ, ನೀವೇ ಏಳಿ ಇವ್ಳಿಗೆ.”

ನಾನು ಬಾಯಿ ತೆರೆದೆ. ಅಭ್ಯಾಸಬಲದಿಂದ ಮೊದಲು ಬಂದದ್ದು ಡಾಕ್ಟರ ಗಂಟಲ ಕೆರೆತ. ಬೈರಯ್ಯನ ಕಣ್ಣು ಅರಳಿತು. ಬೇಲಿಯಾಚೆ ನಂಜಯ್ಯನೂ ನಿಂತ. ನಾನು ನಿಲ್ಲಿಸಿದೆ. ನಿಲ್ಲಿಸಿದ ಮೇಲೆ ಯಾರ ದನಿಯಲ್ಲಿ ಶುರುಮಾಡಬೇಕೋ ತಿಳಿಯಲಿಲ್ಲ. ಕೊನೆಗೆ ಬಂದದ್ದು ಸಣ್ಣದಾಗಿತ್ತು, ಒಡಕಲು, ಯಾರೂ ಅನುಕರಣೆ ಮಾಡಲು ಹೋಗದಂಥದ್ದು.

“ಬೈರಯ್ಯ, ಗುಂಡಿಗೆ ಇಳೀಬೇಡಿ. ಅದು ಡಾಕ್ಟರು ಹೇಳಿದ್ದಲ್ಲ, ನಾನು ಹೇಳಿದ್ದು.”

“ಗೊತ್ತು ಸಾ, ನೀವೇ ಏಳಾದು. ಅವರ್ ತರಾನೇ ಏಳ್ತೀರಿ.”

“ಅವರ ಥರ ಹೇಳ್ದೆ. ಅವರು ಹೇಳದೆ ಇರೋದನ್ನ ಹೇಳ್ದೆ. ಕಾಲು ಬರಲ್ಲ ಅಂದರು ಅವರು. ಅವತ್ತೇ ಅಂದರು.”

ಮಾದಮ್ಮ ಲೋಟ ಹಿಡಿದುಕೊಂಡು ಬಾಗಿಲಲ್ಲೇ ನಿಂತಳು.

“ನೋಡೋಣ ಅಂದ್ರಲ್ಲ?”

“ಅದು ನಾನು.”

“ಇಂಗ್ಲೆಂಡ್ನಾಗೆ ನರ ದಾಟ್ತು ಅಂದಿದ್ದು?”

“ದಾಟಿದ್ದು ನಿಜ. ಇಲಿಗೆ. ಬೆನ್ನುಹುರಿಗೆ ಸಣ್ಣ ಪೆಟ್ಟು ಕೊಟ್ಟು, ಆ ರಸವನ್ನ ಶುದ್ಧ ಮಾಡಿ, ಸೂಜಿ ನಳಿಗೆಯಲ್ಲಿ ಒಳಕ್ಕೇ ಬಿಟ್ಟರು. ಅಷ್ಟಿಷ್ಟು ನಡೆದವು. ಮನುಷ್ಯರಿಗೆ ಯಾರೂ ಕೊಟ್ಟಿಲ್ಲ. ಕೊಡ್ತಾರೋ ಇಲ್ವೋ, ಯಾವಾಗ ಅಂತ ಯಾರಿಗೂ ಗೊತ್ತಿಲ್ಲ. ಎರಡು ವರ್ಷ ಅನ್ನೋದನ್ನ ನಾನೇ ಹುಟ್ಟಿಸಿದೆ. ಗುಂಡಿಯ ನೀರಿಂದ ಹುಣ್ಣು ಮಾತ್ರ ಆಗುತ್ತೆ.”

“ಇಲಿಗಾ?”

“ಇಲಿಗೆ.”

ಅವನು ಬೈಯಲಿಲ್ಲ. ಬೈದಿದ್ದರೆ ಆ ಬೈಗುಳವನ್ನಾದರೂ ಕೋಣೆಗೆ ಒಯ್ದು ಅವನ ದನಿಯಲ್ಲಿ ಕೇಳಿಸಿಕೊಳ್ಳಬಹುದಿತ್ತು.

“ಎಂಟ್ ತಿಂಗ್ಳು ಸಾ” ಅಂದ. “ಇನ್ಮ್ಯಾಕೆ ಬರ್ಬ್ಯಾಡಿ.”

ಆಮೇಲೆ ಹೆಂಡತಿಯ ಕಡೆ ಕತ್ತು ಹೊರಳಿಸಿದ. “ಮಾದೀ, ನನ್ನ ಆ ಕಡೀಕೆ ತಿರುಗ್ಸು.”

ಅವಳು ಲೋಟ ಕೆಳಗಿಟ್ಟು ಬಂದಳು. ಒಬ್ಬಳ ಕೈಲಿ ಆಗುವ ಕೆಲಸವಲ್ಲ ಅದು. ಎಷ್ಟೋ ಭಾನುವಾರ ಕಾಲಿನ ಕಡೆ ನಾನು ಹಿಡಿದು ಕೊಟ್ಟಿದ್ದೆ. ಅಭ್ಯಾಸದಂತೆ ಎದ್ದು ಎರಡು ಹೆಜ್ಜೆ ಇಟ್ಟೆ. ಮಾದಮ್ಮ ತಲೆ ಎತ್ತಿ ನೋಡಿದಳು. ಬೇಲಿ ದಾಟಿ ನಂಜಯ್ಯ ಬಂದ. ಇಬ್ಬರೂ ಸೇರಿ, ಹುಣ್ಣಿಗೆ ತಾಗದ ಹಾಗೆ, ಅವನು ನನಗೆ ಬೆನ್ನು ಮಾಡುವವರೆಗೆ ತಿರುಗಿಸಿದರು. ನಾನು ಚಪ್ಪಲಿ ಮೆಟ್ಟಿಕೊಂಡೆ.

ಜುಲೈ ಪೂರ್ತಿ ಕೋಣೆಯಲ್ಲಿ ಕಳೆದೆ. ಒಂದು ಭಾನುವಾರ ಜಿನನಾಥಪುರದ ಬಸ್ಸು ಹತ್ತಿ ಸುಮ್ಮನೆ ಹೋಗಿ, ಅದೇ ಬಸ್ಸಿನಲ್ಲಿ ವಾಪಸು ಬಂದೆ. ಕಂಡಕ್ಟರು “ಏನ್ ಮೇಷ್ಟ್ರೇ, ಇಳೀಲೇ ಇಲ್ಲ?” ಅಂದ. ಸ್ಟಾಫ್ ರೂಮಿನಲ್ಲಿ ಪ್ರಿನ್ಸಿಪಾಲರ ದನಿ ಕೇಳಿದವರಿಗೆ ಗಂಟಲು ಕಟ್ಟಿದೆ ಅಂದೆ. ಎರಡು ವಾರ ಕೇಳಿದರು, ಆಮೇಲೆ ಬಿಟ್ಟರು. ಕಾವೇರಮ್ಮನವರು ಮಾತ್ರ, “ಈಚೆಗೆ ನಿಮ್ಮ ನೆಂಟರು ಬರೋದೇ ಇಲ್ವಲ್ಲಪ್ಪ” ಎಂದು ಮರುಕಪಟ್ಟರು.

ಯಶೋಧರಾ ಕೊನೆಯ ವರ್ಷಕ್ಕೆ ಬಂದಿದ್ದಳು. ತರಗತಿಯಲ್ಲಿ ಮೂರನೇ ಬೆಂಚಿನಲ್ಲಿ ಕೂತು ನೋಟ್ಸ್ ಬರೆದುಕೊಳ್ಳುತ್ತಿದ್ದಳು, ಪಾಠಕ್ಕೆ ಸಂಬಂಧಿಸಿದ್ದು ಬಿಟ್ಟು ಬೇರೇನೂ ಕೇಳುತ್ತಿರಲಿಲ್ಲ. ಆಗಸ್ಟಿನ ಒಂದು ಮಧ್ಯಾಹ್ನ ಪ್ರಾಕ್ಟಿಕಲ್ ಮುಗಿದು ಎಲ್ಲರೂ ಹೋದ ಮೇಲೆ, ಕೈ ತೊಳೆದು ದುಪಟ್ಟಾಕ್ಕೆ ಒರೆಸಿಕೊಳ್ಳುತ್ತ ಬಂದು ಮೇಜಿನ ಎದುರು ನಿಂತಳು.

“ಸಾರ್, ಅಪ್ಪ ಒಂದ್ ಮಾತು ಕೇಳ್ಕೊಂಡ್ ಬಾ ಅಂತು.”

“ಹೇಳಮ್ಮ.”

“ಆ ನಡೆದ ಇಲಿಗಳನ್ನ ಆಮೇಲೆ ಏನ್ ಮಾಡಿದ್ರು ಅಂತ.”

ಡ್ರಾಯರಿನಲ್ಲಿ ಆ ಲೇಖನದ ಜೆರಾಕ್ಸ್ ಇತ್ತು. ನೋಡುವ ಅಗತ್ಯವಿರಲಿಲ್ಲ. ಬಚ್ಚಿಟ್ಟು ಹೇಳುವ ಹತ್ತು ದಾರಿಗಳು ನನಗೆ ಗೊತ್ತು. ಇಂಗ್ಲಿಷಿನಲ್ಲಿ ಅದಕ್ಕೊಂದು ಮಡಿ ಶಬ್ದವೇ ಇದೆ, ‘ಸ್ಯಾಕ್ರಿಫೈಸ್’, ದೇವರಿಗೆ ಬಲಿ ಕೊಡುವಾಗ ಬಳಸುವಂಥದ್ದು.

“ಕೊಂದರು” ಅಂದೆ. “ಕೊಂದು, ಬೆನ್ನುಹುರಿ ತೆಗೆದು, ತೆಳ್ಳಗೆ ಹೆರೆದು, ಬಣ್ಣ ಹಾಕಿ ಮೈಕ್ರೋಸ್ಕೋಪಿನಲ್ಲಿ ನೋಡಿದರು. ನರ ದಾಟಿದೆಯೋ ಇಲ್ಲವೋ ಅಂತ ಹಾಗೆ ನೋಡಿದರೇ ಗೊತ್ತಾಗೋದು.”

“ಎಲ್ಲವನ್ನೂವಾ?”

“ಎಲ್ಲವನ್ನೂ.”

ಅವಳು ತಲೆಯಾಡಿಸಿದಳು. “ಅಪ್ಪ ಆಗ್ಲೇ ಅಂದಿತ್ತು, ಕೊಂದೇ ಇರ್ತಾರೆ ಅಂತ. ಮೇಷ್ಟ್ರು ಏನಂತಾರೆ ನೋಡ್ಕೊಂಡ್ ಬಾ ಅಂತ ಕಳಿಸ್ತು.”

ಹೊರಗೆ ಗುಂಡಯ್ಯ ಕಿಟಕಿಗಳನ್ನು ಒಂದೊಂದಾಗಿ ಹಾಕುತ್ತ ಬರುತ್ತಿದ್ದ.

“ಹೋಗಿ ಏನು ಹೇಳ್ತೀಯ?”

“ನೀವ್ ಹೇಳಿದ್ನೇ ಹೇಳ್ತೀನಿ.”

ಬ್ಯಾಗು ಹೆಗಲಿಗೆ ಹಾಕಿಕೊಂಡಳು. ನಾಲ್ಕೂವರೆಯ ಹಾಸನ ಬಸ್ಸಿಗೆ ಹತ್ತು ನಿಮಿಷವಿತ್ತು. ಬಾಗಿಲ ತನಕ ನಾನೂ ಹೋದೆ. ಭಾನುವಾರದ ಮಾತನ್ನು ಅವಳು ಎತ್ತಲಿಲ್ಲ, ನಾನೂ ಕೇಳಲಿಲ್ಲ.